ಕಲ್ಲಿಕೋಟೆಯಲ್ಲಿ ಕೊಂಡ ಕಾರು, ತೀರ್ಥಹಳ್ಳಿಯ ಮನೆಗೆ: ಹೊರರಾಜ್ಯದ ಡೀಲರ್‌ನಿಂದ ಡೆಲಿವರಿ ತೆಗೆದುಕೊಳ್ಳುವವರಿಗೆ

ತುಂಗಾದಂಡೆ

ಕಾರು ಮನೆಗೆ ಬಂದು ಇಂದಿಗೆ ಹನ್ನೆರಡು ದಿನ. ಇನ್ನೂ ಹಳದಿ ಫಲಕದ ಮೇಲೆ ಕೆಂಪು ಅಕ್ಷರಗಳ ತಾತ್ಕಾಲಿಕ ಸಂಖ್ಯೆಯಲ್ಲೇ ಓಡುತ್ತಿದೆ. ಕೆಎ 14ರ ಶಾಶ್ವತ ಸಂಖ್ಯೆ ಸಿಗುವ ಮೊದಲೇ ಬರೆಯುತ್ತಿದ್ದೇನೆ, ಏಕೆಂದರೆ ಎಲ್ಲವೂ ಮುಗಿದ ಮೇಲೆ ಪಟ್ಟ ಪಾಡು ಮರೆತುಹೋಗುತ್ತದೆ. ಇದೇ ದಾರಿಗೆ ಇಳಿಯುವವರು ಮಲೆನಾಡಿನಲ್ಲಿ ಇನ್ನೂ ಹಲವರು ಇದ್ದಾರೆ ಎಂದು ನನಗೆ ಗೊತ್ತು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆಯಲ್ಲಿ, ಟಾರು ಬಿಟ್ಟು ಸ್ವಲ್ಪ ಒಳಗೆ. ಅಮ್ಮನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ತಿಂಗಳಿಗೆ ಎರಡು ಸಲವಾದರೂ ಮಣಿಪಾಲಕ್ಕೆ ಹೋಗಬೇಕು. ಹಳೆಯ ಕಾರಿನ ಕ್ಲಚ್ ಘಾಟಿಯಲ್ಲಿ ಕೈಕೊಡತೊಡಗಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18 ಶೇಕಡಕ್ಕೆ ಇಳಿದಾಗ ಶಿವಮೊಗ್ಗದಲ್ಲಿ ಮುಂಗಡ ಕಟ್ಟಿದೆ. ನಮಗೆ ಬೇಕಾಗಿದ್ದ ಆಟೊಮ್ಯಾಟಿಕ್ ಗೇರಿನ ಮಾದರಿಗೆ ಆಗಲೇ ಉದ್ದನೆಯ ಸಾಲು ಇತ್ತು. ದಸರೆ ಎಂದರು, ದೀಪಾವಳಿ ಎಂದರು, ಕೊನೆಗೆ ಸಂಕ್ರಾಂತಿ ಎಂದರು. ಅಷ್ಟರಲ್ಲಿ ಕಲ್ಲಿಕೋಟೆಯಲ್ಲಿ ಕೆಲಸದಲ್ಲಿರುವ ನಮ್ಮ ಭಾವ ಫೋನ್ ಮಾಡಿ, ಅಲ್ಲಿಯ ಡೀಲರ್ ಬಳಿ ಅದೇ ಮಾದರಿಯ, ಅದೇ ಬಣ್ಣದ ಕಾರು ಅಂಗಳದಲ್ಲೇ ನಿಂತಿದೆ ಎಂದರು. ಬುಕ್ ಮಾಡಿದವರು ಕೈಬಿಟ್ಟದ್ದಂತೆ. ಶಿವಮೊಗ್ಗದ ಮುಂಗಡವನ್ನು ಹಿಂದಕ್ಕೆ ಪಡೆದು, ಡಿಸೆಂಬರ್ ಮೊದಲ ವಾರದಲ್ಲಿ ನಾನೂ ನನ್ನ ಹೆಂಡತಿಯೂ ಉಡುಪಿಯಲ್ಲಿ ರೈಲು ಹತ್ತಿದೆವು.

ಈ ಹನ್ನೆರಡು ದಿನಗಳಲ್ಲಿ ನನಗೆ ಅರ್ಥವಾದದ್ದು ಒಂದೇ ಸಂಗತಿ. ನಮ್ಮೂರಿನಲ್ಲಿ ಕಾರು ಕೊಂಡರೆ ಡೀಲರ್ ಮಾಡುವ ಅರ್ಧ ಕೆಲಸ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಹೊರರಾಜ್ಯದಲ್ಲಿ ಕೊಂಡರೆ ಆ ಅರ್ಧ ಕೆಲಸ ನಮ್ಮ ಹೆಗಲಿಗೆ ಬರುತ್ತದೆ. ಇದು ಡೀಲರ್‌ನ ಸೋಮಾರಿತನವಲ್ಲ, ಕಾನೂನು ಇರುವುದೇ ಹಾಗೆ. ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್‌ಗೆ 2019ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಡೀಲರ್ ಇರುವ ರಾಜ್ಯದಲ್ಲೇ ಕಾರು ನೋಂದಣಿಯಾಗುವುದಾದರೆ ಮಾತ್ರ ಅರ್ಜಿ ಹಾಕುವ ಹೊಣೆ ಡೀಲರ್‌ನದು. ಗಡಿ ದಾಟಿದರೆ ಅರ್ಜಿದಾರರು ನಾವೇ. ಅಂದರೆ ಕಲ್ಲಿಕೋಟೆಯ ಗೇಟು ದಾಟುವ ಮೊದಲು ಪ್ರತಿಯೊಂದು ಕಾಗದವೂ ಸರಿಯಾಗಿ ನಮ್ಮ ಕೈಯಲ್ಲಿರಬೇಕು. ಆಮೇಲೆ ಒಂದು ಅಕ್ಷರ ತಿದ್ದಿಸುವುದಕ್ಕೂ ನಾನೂರು ಕಿಲೋಮೀಟರ್ ಅಡ್ಡ ಬರುತ್ತದೆ.

ಡೆಲಿವರಿಯ ದಿನದ ಬಗ್ಗೆ ಬರೆಯುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಹೋದೆವು. ಕಾರನ್ನು ಒಳಗೆ ದೀಪಗಳ ಕೆಳಗೆ ನಿಲ್ಲಿಸಿ, ರಿಬ್ಬನ್ ಕಟ್ಟಿ, ಕೇಕ್ ಇಟ್ಟಿದ್ದರು. ಪ್ರೀತಿಯಿಂದಲೇ ಮಾಡಿದ್ದರು. ಆದರೆ ನಾನು ಮೊದಲು ಕೇಳಿದ್ದು ಕಾರನ್ನು ಬಿಸಿಲಿಗೆ ತನ್ನಿ ಎಂದು. ಶೋರೂಮಿನ ಬಿಳಿ ಬೆಳಕಿನಲ್ಲಿ ಬಣ್ಣದ ದೋಷ ಕಾಣುವುದಿಲ್ಲ. ಹೊರಗೆ ತಂದು ಬಾಗಿಲುಗಳಿಗೆ ಓರೆಯಾಗಿ ನಿಂತು ನೋಡಿದಾಗ ಹಿಂದಿನ ಎಡ ಬಾಗಿಲಿನ ಅಂಚಿನಲ್ಲಿ ಉಗುರಿನಷ್ಟು ಉದ್ದದ ಗೀರು ಕಂಡಿತು. ಪಾಲಿಶ್‌ಗೆ ಹೋಗುವಂಥದ್ದು, ಅಲ್ಲೇ ತೆಗೆಸಿಕೊಟ್ಟರು. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿ ನೋಡಿದೆ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನಾಲ್ಕರಲ್ಲೂ 3325 ಇತ್ತು, ಸ್ಟೆಪ್ನಿಯಲ್ಲಿ 3125. ಕಾರು ತಯಾರಾದ ತಿಂಗಳಿಗೆ ಹೊಂದುತ್ತಿತ್ತು. ಅಂಗಳದಲ್ಲಿ ನಿಂತಿದ್ದ ಕಾರಾದ್ದರಿಂದ ಬ್ಯಾಟರಿಯ ದಿನಾಂಕವನ್ನೂ ನೋಡಿದೆ. ಮೀಟರಿನಲ್ಲಿ 38 ಕಿಲೋಮೀಟರ್ ಇತ್ತು.

ಆಮೇಲೆ ಚಾಸಿಸ್ ಸಂಖ್ಯೆ, ಅಂದರೆ ಕಾರಿನ ಮೈಯಲ್ಲೇ ಕೊರೆದಿರುವ ಗುರುತಿನ ಸಂಖ್ಯೆ. ನಮ್ಮ ಕಾರಿನಲ್ಲಿ ಅದು ಮುಂದಿನ ಸೀಟಿನ ಕೆಳಗೆ, ಕಾರ್ಪೆಟ್‌ನಲ್ಲಿ ಕತ್ತರಿಸಿಟ್ಟ ಸಣ್ಣ ಮುಚ್ಚಳದ ಒಳಗೆ ಇದೆ. ಹೆಂಡತಿ ಮಂಡಿಯೂರಿ ಕುಳಿತು ಮೊಬೈಲ್ ಟಾರ್ಚ್ ಹಿಡಿದು ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದಿದಳು. ನಾನು ಕಾಗದಗಳಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಹೋದೆ. ಹದಿನೇಳು ಅಕ್ಷರಗಳು. ಇನ್‌ವಾಯ್ಸ್, ಮಾರಾಟ ಪತ್ರವಾದ ಫಾರ್ಮ್ 21, ತಯಾರಕರು ಕೊಡುವ ಫಾರ್ಮ್ 22, ತಾತ್ಕಾಲಿಕ ನೋಂದಣಿ ಪತ್ರ, ನಾಲ್ಕರಲ್ಲೂ ಸರಿ ಇತ್ತು. ವಿಮೆಯ ಪಾಲಿಸಿ ಮಾತ್ರ ಆಗ ಕಾಗದದಲ್ಲಿ ಇರಲಿಲ್ಲ, ಮಧ್ಯಾಹ್ನ ಮೊಬೈಲ್‌ಗೆ ಬಂತು. ಹೆಸರು, ವಿಳಾಸ ನೋಡಿ ಸರಿ ಇದೆ ಎಂದುಕೊಂಡೆ. ಆ ಹದಿನೇಳು ಅಕ್ಷರಗಳನ್ನು ಅಲ್ಲಿ ಓದಲಿಲ್ಲ. ಈಗ ಹನ್ನೆರಡು ದಿನವಾದರೂ ಸಂಖ್ಯೆ ಬಾರದಿರುವುದಕ್ಕೆ ಅದೇ ಕಾರಣ. ನಾಳೆ ವಿವರವಾಗಿ ಬರೆಯುತ್ತೇನೆ, ತೋಟದಲ್ಲಿ ಅಡಿಕೆಯ ಕೊನೆಕೊಯ್ಲು ನಡೆಯುತ್ತಿದೆ.

ಸಾಗರದ ಮೇಷ್ಟ್ರು

ಮೊದಲು ಅಭಿನಂದನೆ. ಅಮ್ಮನ ಆರೋಗ್ಯ ಬೇಗ ಸುಧಾರಿಸಲಿ.

ನನ್ನದು ನೇರವಾದ ಪ್ರಶ್ನೆ. ಒಟ್ಟಿನಲ್ಲಿ ಎಷ್ಟು ಉಳಿಯಿತು? ಕೇರಳದಲ್ಲಿ, ಗೋವಾದಲ್ಲಿ ಕಾರು ಅಗ್ಗ ಎಂದು ನಮ್ಮ ಶಾಲೆಯ ಕೊಠಡಿಯಲ್ಲಿ ದಿನವೂ ಮಾತಾಗುತ್ತದೆ. ನಾನು ಮಾತ್ರ ಶಿವಮೊಗ್ಗದಲ್ಲೇ ಕೊಂಡೆ. ವರ್ಷಕ್ಕೆರಡು ಸಲ ವರ್ಕ್‌ಶಾಪಿಗೆ ಹೋದಾಗ ಮುಖ ನೋಡಿ ಗುರುತಿಸಿ ಮಾತನಾಡಿಸುತ್ತಾರೆ. ಅದಕ್ಕೂ ಒಂದು ಬೆಲೆ ಇದೆ ಎಂದು ನನ್ನ ನಂಬಿಕೆ.

ತುಂಗಾದಂಡೆ

ಮೇಷ್ಟ್ರೇ, ಏನೂ ಉಳಿಯಲಿಲ್ಲ. ಉಳಿತಾಯಕ್ಕಾಗಿ ಹೋದವನೂ ನಾನಲ್ಲ, ಕಾರು ಬೇಗ ಬೇಕಿತ್ತು, ಅಷ್ಟೆ. ಶೋರೂಮ್ ಬೆಲೆ ಎರಡೂ ಕಡೆ ಒಂದೇ, 9.86 ಲಕ್ಷ. ಜಿಎಸ್‌ಟಿ ಬಂದ ಮೇಲೆ ಆ ತೆರಿಗೆಯಲ್ಲಿ ರಾಜ್ಯರಾಜ್ಯಗಳ ನಡುವೆ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಜೀವಿತಾವಧಿ ತೆರಿಗೆಯಲ್ಲಿ, ಅದನ್ನು ಕಟ್ಟಬೇಕಾದದ್ದು ಕಾರು ನೋಂದಣಿಯಾಗುವ ರಾಜ್ಯಕ್ಕೆ. ಕಲ್ಲಿಕೋಟೆಯಲ್ಲಿ ಕೊಂಡರೂ, ಪಣಜಿಯಲ್ಲಿ ಕೊಂಡರೂ, ತೀರ್ಥಹಳ್ಳಿಯವನು ಕರ್ನಾಟಕದ ದರವನ್ನೇ ಕಟ್ಟಬೇಕು. ಐದರಿಂದ ಹತ್ತು ಲಕ್ಷದವರೆಗಿನ ಕಾರಿಗೆ 14 ಶೇಕಡ. ನನಗೆ 1,38,040 ರೂಪಾಯಿ, ಅದರ ಮೇಲೆ ಸೆಸ್ ಬೇರೆ.

ಇಲ್ಲೊಂದು ಮಾತು ಸೇರಿಸುತ್ತೇನೆ. ಬೆಲೆ ಹತ್ತು ಲಕ್ಷ ದಾಟಿದರೆ ದರ 17 ಶೇಕಡಕ್ಕೆ ಹಾರುತ್ತದೆ, ಅದೂ ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ. 10.10 ಲಕ್ಷದ ಕಾರಿಗೆ 1,71,700 ರೂಪಾಯಿ. ಬೆಲೆಯಲ್ಲಿ ಇಪ್ಪತ್ತನಾಲ್ಕು ಸಾವಿರದ ಅಂತರ, ತೆರಿಗೆಯಲ್ಲಿ ಮೂವತ್ತಮೂರು ಸಾವಿರಕ್ಕೂ ಹೆಚ್ಚಿನ ಅಂತರ. ಮೇಲಿನ ಮಾದರಿಗೆ ಆಸೆಪಡುವ ಮುಂಚೆ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ನನ್ನ ಮಟ್ಟಿಗೆ ರೈಲು, ಒಂದು ರಾತ್ರಿಯ ವಸತಿ, ಪೆಟ್ರೋಲ್, ಶಿವಮೊಗ್ಗಕ್ಕೆ ಮೂರು ಸಲದ ಓಡಾಟ ಎಲ್ಲ ಸೇರಿ ಹೆಚ್ಚೇ ಖರ್ಚಾಯಿತು.

ಹೊಸನಗರ ಘಾಟಿ

ತೆರಿಗೆ ಕಡಿಮೆ ಇರುವ ಕಡೆಯೇ ನೋಂದಣಿ ಮಾಡಿಸಿದರೆ ಆಗುವುದಿಲ್ಲವೇ ಎಂದು ಕೆಲವರಿಗಾದರೂ ಅನ್ನಿಸಿರುತ್ತದೆ. ನನಗೂ ಅನ್ನಿಸಿತ್ತು, ಮಾಡಿಯೂ ಮಾಡಿದೆ. ಆದ್ದರಿಂದ ಹೇಳುತ್ತಿದ್ದೇನೆ, ದಯವಿಟ್ಟು ಬೇಡ.

ಆರು ವರ್ಷದ ಹಿಂದೆ ಕಾಸರಗೋಡಿನಲ್ಲಿ ತಮ್ಮನ ಮನೆಯ ವಿಳಾಸ ಕೊಟ್ಟು ಕಾರು ಕೊಂಡೆ. ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಮಾಲೀಕ ಎಲ್ಲಿ ವಾಸವಿದ್ದು ವಾಹನವನ್ನು ಸಾಮಾನ್ಯವಾಗಿ ಎಲ್ಲಿ ಇಟ್ಟುಕೊಳ್ಳುತ್ತಾನೋ ಆ ರಾಜ್ಯದಲ್ಲೇ ನೋಂದಣಿಯಾಗಬೇಕು. ಅದು ಗೊತ್ತಿರಲಿಲ್ಲ ಎಂದು ಹೇಳಲಾರೆ, ಗೊತ್ತಿದ್ದೂ ಅಸಡ್ಡೆ ಮಾಡಿದೆ. ಬೇರೆ ರಾಜ್ಯದ ಸಂಖ್ಯೆಯ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ಸಂಖ್ಯೆಗೆ ಬದಲಿಸಬೇಕು. ತಪಾಸಣೆಯಲ್ಲಿ ಎರಡು ಸಲ ನಿಲ್ಲಿಸಿದರು. ಎರಡನೆಯ ಸಲ ಹೆಂಡತಿ ಮಕ್ಕಳು ಒಳಗಿದ್ದರು, ನಾನು ರಸ್ತೆಬದಿಯಲ್ಲಿ ನಿಂತು ಉತ್ತರ ಹುಡುಕುತ್ತಿದ್ದೆ. ಆ ಅರ್ಧ ಗಂಟೆಯನ್ನು ನಾನು ಮರೆಯುವುದಿಲ್ಲ.

ಆಮೇಲೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರಕ್ಕೆ ಕಾಸರಗೋಡಿಗೆ ಅಲೆದಾಟ. ಸಾಲವಿದ್ದ ಕಾರಣ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕಾಯಿತು. ಇಲ್ಲಿ ಕಾರಿನ ವಯಸ್ಸಿಗೆ ತಕ್ಕ ತೆರಿಗೆ ಮತ್ತೆ ಕಟ್ಟಿದೆ. ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲನ್ನು ಹಿಂದಕ್ಕೆ ಪಡೆಯಲು ಬೇರೆ ಅರ್ಜಿ, ಬೇರೆ ಕಾಯುವಿಕೆ. ತಮ್ಮನಿಗೂ ನನ್ನಿಂದ ತೊಂದರೆ.

ಸಾಗರದ ಮೇಷ್ಟ್ರು

ಹೊಸನಗರದವರೇ, ಇದನ್ನು ಮುಚ್ಚಿಡದೆ ಬರೆದದ್ದಕ್ಕೆ ಧನ್ಯವಾದ. ನಾಳೆ ನಮ್ಮ ಕೊಠಡಿಯಲ್ಲಿ ಓದಿ ಹೇಳುತ್ತೇನೆ.

ಶಿಕಾರಿಪುರ ಬ್ಯಾಂಕ್

ನಾನು ಬ್ಯಾಂಕಿನಲ್ಲಿ ವಾಹನ ಸಾಲದ ಮೇಜಿನಲ್ಲಿ ಕೂರುವವಳು. ಹಣ ಕಳುಹಿಸುವ ವಿಷಯದಲ್ಲಿ ಎರಡು ಮಾತು.

ಅಡಿಕೆ ಮಾರಿದ ಹಣ ಕೈಯಲ್ಲಿದೆ, ನಗದಾಗಿ ಕೊಟ್ಟು ಕಾರು ತರುತ್ತೇನೆ ಎಂದು ಕೇಳುವವರು ಪ್ರತಿ ವರ್ಷ ಬರುತ್ತಾರೆ. ಆದಾಯ ತೆರಿಗೆ ಕಾನೂನಿನಂತೆ ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಯಾರೂ ಪಡೆಯುವಂತಿಲ್ಲ. ಕಂತುಕಂತಾಗಿ ಕೊಟ್ಟರೂ ಅದು ಒಂದೇ ಕಾರಿನ ವ್ಯವಹಾರ. ಮಂಡಿಯಿಂದಲೋ ಸಹಕಾರ ಸಂಘದಿಂದಲೋ ಬರುವ ಹಣವನ್ನು ಖಾತೆಗೇ ಹಾಕಿಸಿಕೊಂಡು, ಖಾತೆಯಿಂದಲೇ ಆರ್‌ಟಿಜಿಎಸ್ ಮಾಡಿ. ಹೋಗಬೇಕಾದದ್ದು ಡೀಲರ್ ಸಂಸ್ಥೆಯ ಹೆಸರಿನ ಖಾತೆಗೆ. ಮಾರಾಟದ ಹುಡುಗ ತನ್ನ ಮೊಬೈಲ್ ಸಂಖ್ಯೆಗೆ ಮುಂಗಡ ಹಾಕಿ ಎಂದರೆ ಐದು ಸಾವಿರವನ್ನೂ ಹಾಕಬೇಡಿ. ನಮ್ಮೂರಿನಲ್ಲಾದರೆ ಎದುರು ಹೋಗಿ ನಿಂತು ಕೇಳಬಹುದು, ದೂರದ ಊರಿನಲ್ಲಿ ಯಾರನ್ನು ಕೇಳುತ್ತೀರಿ?

ಕಾರಿನ ಬೆಲೆ ಹತ್ತು ಲಕ್ಷ ಮೀರಿದರೆ ಡೀಲರ್ ಒಂದು ಶೇಕಡ ತೆರಿಗೆಯನ್ನು ಮೂಲದಲ್ಲೇ ವಸೂಲಿ ಮಾಡುತ್ತಾರೆ. ಅದು ಕಳೆದುಹೋದ ಹಣವಲ್ಲ. ಪ್ಯಾನ್ ಸರಿಯಾಗಿ ಕೊಟ್ಟಿದ್ದರೆ ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಸಿಗುತ್ತದೆ. ಕೃಷಿ ಆದಾಯ ಮಾತ್ರ ಇರುವವರು ರಿಟರ್ನ್ಸ್ ಸಲ್ಲಿಸದೆ ಅದನ್ನು ಬಿಟ್ಟುಬಿಡುವುದನ್ನು ನೋಡಿದ್ದೇನೆ, ಬೇಸರವಾಗುತ್ತದೆ.

ಸಾಲವಿದ್ದರೆ, ಅದನ್ನು ನೋಂದಣಿ ಪತ್ರದಲ್ಲಿ ದಾಖಲಿಸುವ ಫಾರ್ಮ್ 34ಕ್ಕೆ ಬ್ಯಾಂಕಿನ ಸಹಿ ಮತ್ತು ಮುದ್ರೆ ಹಾಕಿಸಿಕೊಂಡೇ ಹೊರಡಿ.

ಕೊಪ್ಪದ ಕಾಫಿ

ನಾನು ಕಾರು ತರಿಸಿದ್ದು ಕೊಯಮತ್ತೂರಿನಿಂದ, ಸ್ವಂತ ಓಡಿಸಿಕೊಂಡು ಅಲ್ಲ, ಲಾರಿಯ ಮೇಲೆ. ಹೊಸ ಕಾರು ಅಷ್ಟು ದೂರ ಓಡುವುದು ಬೇಡ ಎಂದು ಮನೆಯಲ್ಲಿ ಹಿರಿಯರು ಹೇಳಿದ್ದರು. ಲಾರಿ ಕೊಪ್ಪದವರೆಗೆ ಬರಲಿಲ್ಲ, ತಿರುವುಗಳಲ್ಲಿ ಅಷ್ಟು ಉದ್ದದ ಗಾಡಿ ತಿರುಗುವುದಿಲ್ಲವೆಂದು ತರೀಕೆರೆಯಲ್ಲೇ ಇಳಿಸಿದರು. ಹೊತ್ತು ಮುಳುಗಿತ್ತು, ಮಳೆ ಬೇರೆ. ಚಾಲಕನಿಗೆ ಹೊರಡುವ ಅವಸರ. ಸಹಿ ಹಾಕಿಬಿಟ್ಟೆ. ಬೆಳಿಗ್ಗೆ ನೋಡಿದರೆ ಮುಂದಿನ ಬಂಪರಿನ ಅಡಿಭಾಗ ಇಳಿಜಾರು ಹಲಗೆಗೆ ಉಜ್ಜಿ ಕೆತ್ತಿಹೋಗಿದೆ. ಸರಿಯಾಗಿ ತಲುಪಿದೆ ಎಂದು ನಾನೇ ಸಹಿ ಹಾಕಿದ್ದ ಚೀಟಿ ಅವರ ಕೈಯಲ್ಲಿ, ಸಾಗಣೆಯ ವಿಮೆ ಇದ್ದೂ ಪ್ರಯೋಜನವಾಗಲಿಲ್ಲ.

ಲಾರಿಯಲ್ಲಿ ತರಿಸುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕತ್ತಲೆಯಲ್ಲಿ ಇಳಿಸಿಕೊಳ್ಳಬೇಡಿ. ಅನಿವಾರ್ಯವಾದರೆ ಸಹಿಯ ಪಕ್ಕದಲ್ಲೇ ‘ಮಳೆ, ಕತ್ತಲೆ, ಪರಿಶೀಲನೆ ಆಗಿಲ್ಲ’ ಎಂದು ಬರೆದು, ಆ ಚೀಟಿಯ ಫೋಟೋ ತೆಗೆದುಕೊಳ್ಳಿ.

ಗಾಜನೂರು

ನಾನು ಕೊಲ್ಹಾಪುರದ ಡೀಲರ್‌ಗೆ ಮುಂಗಡ ಕೊಟ್ಟಿದ್ದೇನೆ, ಮುಂದಿನ ಸೋಮವಾರ ಡೆಲಿವರಿ. ತುಂಗಾದಂಡೆಯವರೇ, ವಿಮೆಯಲ್ಲಿ ಏನಾಯಿತು ಎಂಬುದನ್ನು ಬೇಗ ಬರೆಯಿರಿ. ಹೊಸ ಕಾರನ್ನು ಮೊದಲ ದಿನವೇ ನಾನೂರು ಕಿಲೋಮೀಟರ್ ಓಡಿಸಬಹುದೇ? ಟೋಲ್‌ನಲ್ಲಿ ತಾತ್ಕಾಲಿಕ ಸಂಖ್ಯೆಗೆ ತೊಂದರೆ ಕೊಡುತ್ತಾರೆಯೇ?

ತುಂಗಾದಂಡೆ

ನಿನ್ನೆ ಬರೆಯಲಾಗಲಿಲ್ಲ, ಕ್ಷಮಿಸಿ.

ಮೊದಲು ವಿಮೆಯದ್ದು. ಶಿವಮೊಗ್ಗದ ಆರ್‌ಟಿಒ ಕಚೇರಿಯಲ್ಲಿ ನೋಂದಣಿಯ ಫಾರ್ಮ್ 20 ಅರ್ಜಿ, ಅದರ ಜೊತೆಯ ಕಾಗದಗಳು, ವಿಳಾಸದ ದಾಖಲೆ ಎಲ್ಲವನ್ನೂ ಒಪ್ಪಿಸಿದೆ. ಕಾರನ್ನು ಅಂಗಳಕ್ಕೆ ತರಲು ಹೇಳಿದ್ದರು. ನಿರೀಕ್ಷಕರು ಚಾಸಿಸ್ ಸಂಖ್ಯೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಅಕ್ಷರಗಳು ಬೂದು ಬಣ್ಣದ ನಡುವೆ ಬೆಳ್ಳಗೆ ಒಂದೊಂದಾಗಿ ಮೂಡಿದವು. ಅದನ್ನು ಹಿಡಿದು ಪಾಲಿಸಿ ನೋಡಿದವರು ತಲೆ ಅಲ್ಲಾಡಿಸಿದರು. ನನಗೆ ಮೊದಲು ಏನೂ ಕಾಣಲಿಲ್ಲ. ಅವರು ಬೆರಳಿಟ್ಟು ತೋರಿಸಿದರು. ಹನ್ನೆರಡನೆಯ ಜಾಗದಲ್ಲಿ ಸೊನ್ನೆ ಇರಬೇಕಾದಲ್ಲಿ ಇಂಗ್ಲಿಷಿನ ಓ ಅಕ್ಷರ ಬಿದ್ದಿತ್ತು. ಕಣ್ಣಿಗೆ ಎರಡೂ ದುಂಡಗೆ. ಸೊನ್ನೆ ಕೊಂಚ ತೆಳ್ಳಗೆ, ಓ ಕೊಂಚ ಅಗಲ, ಅಷ್ಟೇ ವ್ಯತ್ಯಾಸ. ಆದರೆ ಗಣಕಯಂತ್ರಕ್ಕೆ ಅವೆರಡೂ ಬೇರೆ ಬೇರೆ, ವಿಮೆಯ ವಿವರ ಹೊಂದಿಕೆಯಾಗಲಿಲ್ಲ.

ಆ ದಿನ ಅವರೇ ಒಂದು ವಿಷಯ ಹೇಳಿಕೊಟ್ಟರು. ಚಾಸಿಸ್ ಸಂಖ್ಯೆಯ ಹದಿನೇಳು ಸ್ಥಾನಗಳಲ್ಲಿ ಐ, ಓ, ಕ್ಯೂ ಈ ಮೂರು ಅಕ್ಷರಗಳನ್ನು ಬಳಸುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲವಾಗಬಾರದೆಂದೇ ಆ ನಿಯಮ. ಅಂದರೆ ನಿಮ್ಮ ಯಾವುದೇ ಕಾಗದದಲ್ಲಿ ಚಾಸಿಸ್ ಸಂಖ್ಯೆಯೊಳಗೆ ಓ ಕಂಡರೆ, ಕಾರನ್ನು ನೋಡದೆಯೇ ಅದು ತಪ್ಪು ಎಂದು ಹೇಳಬಹುದು. ಇಷ್ಟು ಗೊತ್ತಿದ್ದಿದ್ದರೆ ಕಲ್ಲಿಕೋಟೆಯಲ್ಲಿ ಮೊಬೈಲ್ ಪರದೆಯಲ್ಲೇ ಹಿಡಿಯುತ್ತಿದ್ದೆ.

ತಿದ್ದುಪಡಿಗೆ ಡೀಲರ್‌ಗೆ ಫೋನ್ ಮಾಡಿದರೆ ವಿಮಾ ಕಂಪನಿಯನ್ನು ಕೇಳಿ ಎಂದರು, ಅವರು ಪಾಲಿಸಿ ಮಾಡಿಸಿದ ಡೀಲರ್ ಮೂಲಕವೇ ಬನ್ನಿ ಎಂದರು. ನಾಲ್ಕು ದಿನ ಹೀಗೇ ಕಳೆಯಿತು. ಪೆನ್ಸಿಲ್ ಅಚ್ಚಿನ ಫೋಟೋ, ಫಾರ್ಮ್ 21ರ ಪ್ರತಿ ಎರಡನ್ನೂ ಇಬ್ಬರಿಗೂ ಒಂದೇ ಇಮೇಲ್‌ನಲ್ಲಿ ಕಳುಹಿಸಿದ ಮೇಲೆ ಕೆಲಸ ನಡೆಯಿತು. ತಿದ್ದಿದ ಪಾಲಿಸಿ ನಿನ್ನೆ ಸಂಜೆ ಬಂದಿದೆ, ಇಂದು ಮತ್ತೆ ಶಿವಮೊಗ್ಗಕ್ಕೆ.

ಗಾಜನೂರಿನವರೇ, ಓಡಿಸಿಕೊಂಡು ಬರುವುದಕ್ಕೆ ಅಡ್ಡಿಯಿಲ್ಲ. ಕಾರಿನ ಕೈಪಿಡಿಯಲ್ಲಿ ಮೊದಲ ಸಾವಿರ ಕಿಲೋಮೀಟರ್ ಎಂಜಿನ್ ಅನ್ನು ಅಬ್ಬರಿಸಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ ಎಂದಿತ್ತು. ನಾವು ಮಧ್ಯಾಹ್ನ ಎರಡಕ್ಕೆ ಕಲ್ಲಿಕೋಟೆ ಬಿಟ್ಟೆವು. ಶೋರೂಮಿನವರು ಹಾಕಿದ್ದ ಪೆಟ್ರೋಲ್ ಹತ್ತಿರದ ಬಂಕ್‌ವರೆಗಷ್ಟೇ ಸಾಕು, ಅಲ್ಲಿ ಸ್ವಲ್ಪ ಹಾಕಿಸಿ, ಟ್ಯಾಂಕ್ ತುಂಬಿಸಲು ಮಾಹೆಯ ಊರೊಳಗೆ ಹೋದೆವು. ಮಾಹೆ ಪುದುಚೇರಿಗೆ ಸೇರಿದ್ದು, ಕೇರಳಕ್ಕಿಂತ ಅಲ್ಲಿ ಪೆಟ್ರೋಲ್ ಅಗ್ಗ. 2024ರ ಮಾರ್ಚ್‌ನಲ್ಲಿ ತೆರೆದ ತಲಶ್ಶೇರಿ–ಮಾಹೆ ಬೈಪಾಸ್ ಹಿಡಿದುಬಿಟ್ಟರೆ ಊರು ಸಿಗುವುದಿಲ್ಲ, ನೆನಪಿರಲಿ.

ಟೋಲ್‌ನಲ್ಲಿ ತಾತ್ಕಾಲಿಕ ಸಂಖ್ಯೆಗೆ ಯಾರೂ ತೊಂದರೆ ಕೊಡಲಿಲ್ಲ, ತೊಂದರೆಯಾದದ್ದು ಫಾಸ್ಟ್ಯಾಗ್‌ನಿಂದ. ಗಾಜಿಗೆ ಅಂಟಿಸಿದ್ದರು, ಆದರೆ ಚಾಲೂ ಆಗಿರಲಿಲ್ಲ. ಯುಪಿಐ ಮೂಲಕ ಒಂದೂಕಾಲು ಪಟ್ಟು ಕಟ್ಟಿ ದಾಟಿದೆ, ಆಗ ನಗದಾಗಿದ್ದರೆ ಎರಡು ಪಟ್ಟು. ತಲಪಾಡಿಯಲ್ಲಿಯೂ ಹಾಗೆಯೇ ಆಯಿತು. ನಿಮ್ಮದು ಕೊಲ್ಹಾಪುರದಿಂದ ಹೆದ್ದಾರಿಯುದ್ದಕ್ಕೂ ಟೋಲ್‌ಗಳ ಸಾಲು. ಶೋರೂಮಿನಲ್ಲಿ ನಿಂತಿರುವಾಗಲೇ ಫಾಸ್ಟ್ಯಾಗ್‌ಗೆ ನೂರು ರೂಪಾಯಿ ಹಾಕಿ, ಖಾತೆಯಲ್ಲಿ ಕಾಣುತ್ತದೆಯೇ ನೋಡಿಕೊಳ್ಳಿ. ಶಾಶ್ವತ ಸಂಖ್ಯೆ ಬಂದ ಮೇಲೆ ಅದನ್ನು ಫಾಸ್ಟ್ಯಾಗ್‌ಗೆ ಸೇರಿಸಬೇಕು, ಅದಕ್ಕೆ ಖರೀದಿಯಿಂದ ತೊಂಬತ್ತು ದಿನಗಳ ಗಡುವು. ಟೋಲ್‌ನ ವಾರ್ಷಿಕ ಪಾಸ್ ಬೇಕಿದ್ದರೂ ಆವರೆಗೆ ಕಾಯಬೇಕು, ಚಾಸಿಸ್ ಸಂಖ್ಯೆಯ ಮೇಲಷ್ಟೇ ಇರುವ ಫಾಸ್ಟ್ಯಾಗ್‌ಗೆ ಅದನ್ನು ಕೊಡುವುದಿಲ್ಲ.

ರಾತ್ರಿ ಘಾಟಿ ಹತ್ತಬಾರದೆಂದು ಮಂಗಳೂರಿನಲ್ಲಿ ಅತ್ತೆಯ ಮನೆಯಲ್ಲಿ ಉಳಿದೆವು. ಮರುದಿನ ಪಡುಬಿದ್ರಿ, ಕಾರ್ಕಳ, ಹೆಬ್ರಿ, ಸೋಮೇಶ್ವರ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಎಂಟು ಗಂಟೆಯ ಮಂಜಿನಲ್ಲಿ ನಿಧಾನವಾಗಿ ಹತ್ತಿದೆವು. ಪ್ರತಿ ತಿರುವಿನಲ್ಲೂ ಕ್ಲಚ್‌ಗಾಗಿ ನನ್ನ ಎಡಗಾಲು ತಾನಾಗಿಯೇ ಮೇಲೇಳುತ್ತಿತ್ತು, ಕ್ಲಚ್ ಇರಲಿಲ್ಲ. ಮನೆಯ ತಿರುವಿನಲ್ಲಿ ಅಮ್ಮ ಊರುಗೋಲು ಹಿಡಿದು ಅಡಿಕೆ ಒಣಗಿಸುವ ಅಂಗಳದ ಅಂಚಿಗೆ ಬಂದು ನಿಂತಿದ್ದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಆರತಿ ಎತ್ತಿದರು.

ಭದ್ರಾವತಿ ನಿವೃತ್ತ

ವಿಮಾ ಸಮೀಕ್ಷಕನಾಗಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ತುಂಗಾದಂಡೆಯವರ ತಪ್ಪು ನೋಂದಣಿಯ ಮೇಜಿನಲ್ಲಿ ಸಿಕ್ಕಿದ್ದು ಅವರ ಪುಣ್ಯ. ಆಗುಂಬೆಯ ತಿರುವಿನಲ್ಲಿ ಅಪಘಾತವಾದ ಮೇಲೆ ಸಿಕ್ಕಿದ್ದರೆ ಪರಿಹಾರದ ಕಡತ ತಿಂಗಳುಗಟ್ಟಲೆ ಅಲ್ಲೇ ಕೂರುತ್ತಿತ್ತು. ಅಂಥ ಕುಟುಂಬಗಳ ಎದುರು ನಾನು ಕುಳಿತಿದ್ದೇನೆ.

ಹೊಸ ಕಾರಿನ ಪಾಲಿಸಿಯಲ್ಲಿ ಎರಡು ಅವಧಿಗಳಿರುತ್ತವೆ, ಬಹಳ ಜನ ಗಮನಿಸುವುದಿಲ್ಲ. ಮೂರನೆಯ ವ್ಯಕ್ತಿಯ ಹೊಣೆಗೆ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಗೆ, ಮೂರು ವರ್ಷ ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ ಹೀಗೆ. ನಿಮ್ಮ ಕಾರಿಗಾಗುವ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷ. ಮೂರು ವರ್ಷ ಎಂದು ಮೇಲೆ ಬರೆದದ್ದನ್ನು ನೋಡಿ ಎರಡನೆಯ ವರ್ಷ ನವೀಕರಿಸದೆ ಬಿಟ್ಟವರು ಇದ್ದಾರೆ. ಮತ್ತೆ, ಡೀಲರ್ ಹೇಳಿದ ಕಂಪನಿಯ ವಿಮೆಯನ್ನೇ ಕೊಳ್ಳಬೇಕೆಂಬ ಕಟ್ಟುಪಾಡು ಇಲ್ಲ. ಹೊರರಾಜ್ಯದಲ್ಲಿ ಕೊಳ್ಳುವವರು ಶಿವಮೊಗ್ಗದಲ್ಲಿ ಕಚೇರಿ ಇರುವ ಕಂಪನಿಯದನ್ನು ಆರಿಸಿಕೊಂಡರೆ ಇಂಥ ತಿದ್ದುಪಡಿಗೆ ನಡೆದುಕೊಂಡೇ ಹೋಗಬಹುದು.

ಶಾಶ್ವತ ಸಂಖ್ಯೆ ಬಂದ ದಿನವೇ ಅದನ್ನು ಪಾಲಿಸಿಗೆ ಸೇರಿಸಿಕೊಳ್ಳಿ. ಎಂಜಿನ್ ಸಂಖ್ಯೆಯನ್ನೂ ಒಮ್ಮೆ ಓದಿ.

ಕೊಪ್ಪದ ಕಾಫಿ

ನಿವೃತ್ತರೇ, ನಿಮ್ಮ ಮಾತು ಓದಿ ಈಗಷ್ಟೇ ನನ್ನ ಪಾಲಿಸಿ ತೆಗೆದು ನೋಡಿದೆ. ಚಾಸಿಸ್ ಸಂಖ್ಯೆ ಸರಿ ಇದೆ. ಆದರೆ ಹಾನಿಯ ಭಾಗ ಮುಂದಿನ ತಿಂಗಳು ಎಂಟಕ್ಕೆ ಮುಗಿಯುತ್ತದೆ. ನನಗೆ ಗೊತ್ತೇ ಇರಲಿಲ್ಲ. ನಿಮಗೆ ಋಣಿ.

ಸಾಗರದ ಮೇಷ್ಟ್ರು

ವಾರಂಟಿಯ ಕಥೆ ಏನು? ಕಲ್ಲಿಕೋಟೆಯ ಕಾರನ್ನು ಶಿವಮೊಗ್ಗದ ವರ್ಕ್‌ಶಾಪಿನವರು ನೋಡುತ್ತಾರೆಯೇ?

ತುಂಗಾದಂಡೆ

ನೋಡುತ್ತಾರೆ ಮೇಷ್ಟ್ರೇ. ವಾರಂಟಿ ಕೊಡುವುದು ತಯಾರಕ ಕಂಪನಿ, ದೇಶದ ಯಾವುದೇ ಅಧಿಕೃತ ವರ್ಕ್‌ಶಾಪಿನಲ್ಲಿ ನಡೆಯುತ್ತದೆ. ಮೊದಲ ಉಚಿತ ಸರ್ವಿಸ್ ಶಿವಮೊಗ್ಗದಲ್ಲೇ ಆಯಿತು. ಮುಂಗಡ ಹಿಂದಕ್ಕೆ ಪಡೆದವನೆಂದು ಒಳಗೊಳಗೇ ಅಳುಕಿತ್ತು. ಆದರೆ ಅದೇ ಮಾರಾಟದ ಹುಡುಗ ಎದ್ದು ಬಂದು ‘ಅಮ್ಮ ಹೇಗಿದ್ದಾರೆ ಅಣ್ಣ’ ಎಂದು ಕೇಳಿದ. ನೀವು ಮೊದಲ ದಿನ ಹೇಳಿದ ಮಾತು ಆಗ ನೆನಪಾಯಿತು.

ಸಂಖ್ಯೆ ಬಂದಿದೆ. ಅತಿ ಸುರಕ್ಷಿತ ನೋಂದಣಿ ಫಲಕಗಳನ್ನು ಹಾಕಿಸಿದ್ದೂ ಅಲ್ಲೇ. ಕಲ್ಲಿಕೋಟೆಯವರು ತಮ್ಮ ಕಡೆಯಿಂದ ಬೇಡಿಕೆ ಕಳುಹಿಸಿ, ಫಲಕಗಳು ಶಿವಮೊಗ್ಗಕ್ಕೆ ಬರಲು ಕೆಲವು ದಿನ ಹಿಡಿಯಿತು. ಯಾರು ತರಿಸಿ ಎಲ್ಲಿ ಜೋಡಿಸುತ್ತಾರೆ ಎಂಬುದನ್ನು ಕೊನೆಯ ಕಂತು ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಪಡೆದಿದ್ದೆ, ಈ ಒಂದು ಕೆಲಸವನ್ನು ಸರಿಯಾಗಿ ಮಾಡಿದ್ದೆ. ಎದುರಿನ ಗಾಜಿನ ಒಳಗೆ ಪೆಟ್ರೋಲ್ ಕಾರಿನ ತಿಳಿನೀಲಿ ಚೀಟಿ ಅಂಟಿಸಿದರು. ಅದರಲ್ಲಿಯೂ ಚಾಸಿಸ್ ಸಂಖ್ಯೆ ಇರುತ್ತದೆ. ಹೆಂಡತಿ ಮತ್ತೆ ಟಾರ್ಚ್ ಹಿಡಿದು ಓದಿದಳು, ನಾನು ಗುರುತು ಹಾಕಿದೆ, ಹದಿನೇಳೂ ಸರಿ.

ಗಾಜನೂರಿನವರೇ, ಸೋಮವಾರ ಹೊರಡುವ ಮೊದಲು, ಅಂದರೆ ಶನಿವಾರದೊಳಗೆ, ಪಾಲಿಸಿಯ ಕರಡನ್ನು ಮೊಬೈಲ್‌ಗೆ ತರಿಸಿಕೊಳ್ಳಿ. ಕಾರಿನ ಚಾಸಿಸ್ ಸಂಖ್ಯೆಯ ಫೋಟೋವನ್ನೂ ಕಳುಹಿಸಲು ಹೇಳಿ, ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಅನುಮಾನ ಬಂದರೆ ಇಲ್ಲೇ ಕೇಳಿ, ರಾತ್ರಿಯಾದರೂ ಉತ್ತರಿಸುತ್ತೇನೆ. ನಾಳೆ ಬೆಳಿಗ್ಗೆ ಮಾತ್ರ ಸಿಗುವುದಿಲ್ಲ, ಆರು ಗಂಟೆಗೆ ಅಮ್ಮನನ್ನು ಕರೆದುಕೊಂಡು ಮಣಿಪಾಲಕ್ಕೆ ಹೊರಡುತ್ತೇವೆ.

ಗಾಜನೂರು

ಈಗಲೇ ಫೋನ್ ಮಾಡಿದೆ. ಕರಡು ನಾಳೆ ಕಳುಹಿಸುತ್ತಾರಂತೆ. ಫೋಟೋ ಬಂದಿದೆ, ಮಗಳು ಓದುತ್ತಿದ್ದಾಳೆ.